ನಮ್ಮೂರ ಇಗರ್ಜಿಯ ಹಳೇ ಗಾರೆ ಕೆರೆದು ಸಿಮೆಂಟ್ ಹಾಕ್ಬೇಕಂತೆ, ಗೊತ್ತಿರೋರು ಸ್ವಲ್ಪ ಹೇಳಿ

ಕಾಫಿಕಳ

ನಮಸ್ಕಾರ ಎಲ್ರಿಗೂ. ನಾನು ಸೋಮವಾರಪೇಟೆ ಕಡೆಯವನು, ಊರಿನ ಹೆಸರು ಹಾಕಲ್ಲ, ನಮ್ಮ ಸಮಿತಿಯವ್ರು ಯಾರಾದ್ರೂ ಇಲ್ಲಿ ಓದ್ತಾ ಇದ್ರೆ ಭಾನುವಾರ ಪೂಜೆ ಮುಗಿಸಿ ಹೊರಗೆ ಬರ್ತಿದ್ದಂಗೆ ನನಗೆ ಬೇರೆ ಪೂಜೆ ಕಾದಿರುತ್ತೆ.

ವಿಷ್ಯ ಏನಂದ್ರೆ ನಮ್ಮೂರಲ್ಲೊಂದು ಸಣ್ಣ ಇಗರ್ಜಿ ಇದೆ, ತೋಟದ ಕೆಲಸಕ್ಕೆ ಬಂದವ್ರಿಗೋಸ್ಕರ ಕಟ್ಟಿದ್ದಂತೆ, ನಮ್ಮಜ್ಜ ಅಜ್ಜಿ ಮದುವೆ ಆಗಿದ್ದೇ ಅದ್ರಲ್ಲಿ, ಲೆಕ್ಕ ಹಾಕಿದ್ರೆ 90 ವರ್ಷಕ್ಕಂತೂ ಮೋಸ ಇಲ್ಲ. ಎರಡೂವರೆ ಅಡಿ ದಪ್ಪದ ಗೋಡೆ, ಕಲ್ಲು ಮಣ್ಣು ಸೇರಿಸಿ ಕಟ್ಟಿ ಮೇಲೆ ಗಾರೆ ಮಾಡಿ ಸುಣ್ಣ ಬಳಿದಿದ್ದು, ಬಾಗಿಲು ಕಿಟಕಿ ಮೇಲೆಲ್ಲ ಅರ್ಧ ಚಕ್ರದ ಹಾಗೆ ದುಂಡು ಕಮಾನು, ಮಾಡಿಗೆ ಮಂಗಳೂರು ಹಂಚು. ಹತ್ತು ಹನ್ನೆರಡು ವರ್ಷದ ಹಿಂದೆ ಹೊರಗಡೆ ಬುಡಕ್ಕೆ ಮೂರಡಿ ಎತ್ತರ ಸಿಮೆಂಟ್ ಪ್ಲಾಸ್ಟರ್ ಮಾಡ್ಸಿ, ಗೋಡೆಗೆ ತಾಗೋ ಹಾಗೆ ಅಂಗಳಕ್ಕೂ ಕಾಂಕ್ರೀಟ್ ಹಾಕ್ಸಿದ್ರು, ಆಗ ಚೆನ್ನಾಗೇ ಕಾಣ್ತಿತ್ತು. ಈಗ ಎರಡು ಮಳೆಗಾಲದಿಂದ ಉತ್ತರದ ಗೋಡೆಗೆ ಒಳಗಡೆ ಆಳೆತ್ತರಕ್ಕೆ ತೇವ ಹತ್ತಿದೆ, ಗಾರೆ ಉಬ್ಬಿ ಹಪ್ಪಳದ ಹಾಗೆ ಉದುರ್ತಾ ಇದೆ, ಬಿಳಿ ಪುಡಿ ಬೇರೆ ಬರುತ್ತೆ.

ಕಂಟ್ರಾಕ್ಟರ್ ಬಂದು ನೋಡಿ ಹಳೇ ಗಾರೆ ಒಳಗೂ ಹೊರಗೂ ಪೂರ್ತಿ ಕೆತ್ತಿ ಹಾಕಿ ವಾಟರ್‌ಪ್ರೂಫ್ ಸೇರ್ಸಿ ಸಿಮೆಂಟ್ ಪ್ಲಾಸ್ಟರ್, ಮೇಲೆ ಎಮಲ್ಷನ್ ಪೇಂಟ್, ನೆಲಕ್ಕೆ ವಿಟ್ರಿಫೈಡ್ ಟೈಲ್ಸ್, ಮೇಲೆ ಪಿಒಪಿ ಸೀಲಿಂಗ್, ಹೊಸದ್ರ ಹಾಗೆ ಮಾಡ್ಕೊಡ್ತೀನಿ ಅಂದ. ಸಮಿತಿಯಲ್ಲಿ ಎಲ್ರೂ ಹೂಂ ಅಂದಿದ್ದಾರೆ, ನಾನೂ ಹೂಂ ಅಂದಿದ್ದೆ, ಸುಳ್ಳ್ಯಾಕೆ ಹೇಳ್ಲಿ.

ಇದ್ರ ಮಧ್ಯೆ ನಮ್ಮಕ್ಕ ಇಂಗ್ಲೆಂಡಲ್ಲಿ ಗ್ಲಾಸ್ಟರ್ ಹತ್ರ ನರ್ಸು. ಹೋದ ವಾರ ರಜೆ ದಿನ ಕೆಂಪ್ಲಿ ಅನ್ನೋ ಊರಿನ ಸೇಂಟ್ ಮೇರಿ ಚರ್ಚಿಗೆ ಹೋಗಿದ್ಲು, ಹೆಸರು ಕೇಳಿ ನಮ್ಮ ಕೆಂಪಮ್ಮನ ಊರೇನೋ ಅಂದ್ಕೊಂಡೆ. ಹೊಲದ ಮಧ್ಯೆ ಒಂಟಿಯಾಗಿರೋ ಸಣ್ಣ ಕಟ್ಟಡ, ಒಳಗೆ ಗೋಡೆ ತುಂಬ ಚಿತ್ರ, 900 ವರ್ಷ ಹಳೇದಂತೆ, ರೋಮನೆಸ್ಕ್ ಶೈಲಿ ಅಂತೆ. ಫೋಟೋ ಕಳ್ಸಿ ಫೋನಲ್ಲಿ ಒಂದೇ ಮಾತು, ನೋಡೋ ಇಲ್ಲೂ ದುಂಡು ಕಮಾನೇ, ದಪ್ಪ ಗೋಡೆಯೇ, ಸುಣ್ಣವೇ, ನಮ್ಮ ಇಗರ್ಜಿ ಗೋಡೆ ಮುಟ್ಟೋ ಮುಂಚೆ ತಿಳಿದವ್ರನ್ನ ಕೇಳು ಅಂತ.

ಅದಕ್ಕೇ ಕೇಳ್ತಿದ್ದೀನಿ. ಈ ರೋಮನೆಸ್ಕ್ ಅಂದ್ರೆ ಏನು, ನಮ್ಮದೂ ಅದೇನಾ? ಅವ್ರು 900 ವರ್ಷ ಹೇಗೆ ಉಳಿಸ್ಕೊಂಡ್ರು? ಮುಖ್ಯವಾಗಿ ನಮ್ಮ ಗೋಡೆಗೆ ಏನು ಮಾಡ್ಬೇಕು? ಕೆಲಸ ಮಾರ್ಚ್ ಹೂಮಳೆ ಬರೋದ್ರೊಳಗೆ ಶುರು ಮಾಡ್ಬೇಕಂತೆ, 40 ಮೂಟೆ ಸಿಮೆಂಟ್ ಆಗ್ಲೇ ಬಂದು ಇಳಿದಿದೆ.

ಶನಿವಾರಸಂತೆ_ಮೇಷ್ಟ್ರು

ನಾನು ಶನಿವಾರಸಂತೆ ಕಡೆಯವನು, ಈಗ ಹಾಸನದಲ್ಲಿ ಇತಿಹಾಸ ಪಾಠ ಮಾಡ್ತೀನಿ. ಮೊದಲನೇ ಪ್ರಶ್ನೆಗೆ ಉತ್ತರ ಹೇಳ್ತೀನಿ, ಗೋಡೆ ವಿಷ್ಯ ಕೈಯಲ್ಲಿ ಕರಣೆ ಹಿಡಿದವ್ರೇ ಹೇಳ್ಬೇಕು.

ನಿಮ್ಮದು ರೋಮನೆಸ್ಕ್ ಅಲ್ಲ ಕಣ್ರೀ. ರೋಮನೆಸ್ಕ್ ಅನ್ನೋದು ಯುರೋಪಲ್ಲಿ ಹೆಚ್ಚುಕಮ್ಮಿ 11, 12ನೇ ಶತಮಾನದಲ್ಲಿ ಕಟ್ಟಿದ ರೀತಿ. ಹಳೇ ರೋಮನ್ನರ ದುಂಡು ಕಮಾನನ್ನೇ ಹಿಡ್ಕೊಂಡು ಕಟ್ತಿದ್ರು ಅಂತ ಆ ಹೆಸರು, ಅದೂ ಕಟ್ಟಿದವ್ರು ಇಟ್ಟ ಹೆಸರಲ್ಲ, 19ನೇ ಶತಮಾನದ ಪಂಡಿತರು ಇಟ್ಟಿದ್ದು. ಇಂಗ್ಲೆಂಡಲ್ಲಿ ಇದಕ್ಕೇ ನಾರ್ಮನ್ ಅಂತಾರೆ, 1066ರಲ್ಲಿ ನಾರ್ಮನ್ನರು ಬಂದು ಗೆದ್ದ ಮೇಲೆ ಊರೂರಲ್ಲಿ ಕಟ್ಟಿದ್ರಲ್ಲ ಅದಕ್ಕೆ. ಒಳಗೆ ಕಲ್ಲಿನ ಕಮಾನು ಚಾವಣಿ, ಅದ್ರ ಭಾರ ಗೋಡೆಯನ್ನ ಹೊರಗೆ ತಳ್ಳುತ್ತೆ, ಹಾಗಾಗಿ ಗೋಡೆ ದಪ್ಪ ಇರ್ಬೇಕು, ದೊಡ್ಡ ಕಿಟಕಿ ಇಟ್ರೆ ಗೋಡೆ ಬಲ ಕಳ್ಕೊಳುತ್ತೆ ಅಂತ ಕಿಟಕಿ ಸಣ್ಣದು, ಒಳಗೆ ಕತ್ತಲು. ಆ ಕತ್ತಲಿನ ಗೋಡೆ ಖಾಲಿ ಇತ್ತಲ್ಲ, ಅದ್ರ ತುಂಬ ಚಿತ್ರ ಬರೆಸಿದ್ರು. ಆಮೇಲೆ ಬಂದಿದ್ದು ಗೋಥಿಕ್, ಮೊನಚು ಕಮಾನು, ಎತ್ತರ, ದೊಡ್ಡ ಕಿಟಕಿ. ನಮ್ಮ ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚ್ ನೋಡಿ, ಆ ಮೊನಚು ಗೋಪುರ ಗೋಥಿಕ್ ಧಾಟಿಯದ್ದು. ಟಿಪ್ಪು ಕಾಲದಲ್ಲಿ ಶ್ರೀರಂಗಪಟ್ಟಣದ ಕಡೆಯಿಂದ ತಪ್ಪಿಸ್ಕೊಂಡು ಬಂದ ಕ್ಯಾಥೊಲಿಕರಿಗೆ ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಜಾಗ ಕೊಟ್ಟು 1792ರಲ್ಲಿ ಅಲ್ಲಿ ಇಗರ್ಜಿ ಶುರುವಾಗಿದ್ದು. ನಿಮ್ಮೂರಲ್ಲಿ ಕಟ್ಟಿದ ಮೇಸ್ತ್ರಿಗೆ ದುಂಡು ಕಮಾನು ಸುಲಭ ಅನ್ಸಿರ್ಬೇಕು ಅಷ್ಟೆ.

ಕಾಲ ಅಂದಾಜಾಗ್ಲಿ ಅಂತ ಹೇಳ್ತೀನಿ, ವಿಷ್ಣುವರ್ಧನ ಬೇಲೂರಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡ್ಸಿದ್ದು 1117ರಲ್ಲಿ. ಕೆಂಪ್ಲಿಯ ಕಟ್ಟಡವೂ ಹೆಚ್ಚುಕಮ್ಮಿ 1120, 1130ರ ಸುಮಾರಿಂದು. ನಮ್ಮ ಪಕ್ಕದ ಮುಳ್ಳೂರಿನ ಬಸದಿಗಳು ಇವೆರಡಕ್ಕಿಂತ ಹಳೇವು, ಕೊಂಗಾಳ್ವ ಅರಸರ ಕಾಲದ್ದು, 11ನೇ ಶತಮಾನ. ಸೋಮವಾರಪೇಟೆಯವ್ರು ಇಂಗ್ಲೆಂಡಿನ ಫೋಟೋ ನೋಡಿ ಆಹಾ ಅಂತಾರೆ, ಮುಳ್ಳೂರಿಗೆ ಎಷ್ಟು ಜನ ಹೋಗಿದ್ದೀರಿ ಕೈ ಎತ್ತಿ ನೋಡೋಣ.

ಈಗ ಕೆಂಪ್ಲಿ ಕಥೆ, ಅದು ನಿಮಗೆ ಉಪಯೋಗಕ್ಕೆ ಬರೋ ಕಥೆ. ನಮ್ಮ ಭಾಷೇಲಿ ಹೇಳೋದಾದ್ರೆ ಜನ ಕೂರೋದು ನವರಂಗ, ಪೀಠ ಇರೋದು ಗರ್ಭಗುಡಿ ಅಂದ್ಕೊಳಿ. ಆ ಗರ್ಭಗುಡಿಯ ಕಮಾನು ಚಾವಣಿಯಲ್ಲಿ ಕಾಮನಬಿಲ್ಲಿನ ಮೇಲೆ ಕೂತ ಕ್ರಿಸ್ತ, ಎರಡೂ ಕಡೆ ಗೋಡೆಯಲ್ಲಿ ಸಾಲಾಗಿ ಕೂತು ಕತ್ತೆತ್ತಿ ನೋಡ್ತಿರೋ ಹನ್ನೆರಡು ಶಿಷ್ಯರು. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಧರ್ಮಸುಧಾರಣೆ ಆದಾಗ ಚಿತ್ರ ವಿಗ್ರಹ ಎಲ್ಲ ಮೂಢನಂಬಿಕೆ ಅಂತ ಇವುಗಳ ಮೇಲೆ ಸುಣ್ಣ ಬಳಿದುಬಿಟ್ರು. ಅಳಿಸ್ಬೇಕು ಅಂತ ಬಳಿದ ಸುಣ್ಣವೇ ಮುನ್ನೂರು ವರ್ಷ ಅವನ್ನ ಕಾಪಾಡಿದ್ದು. 1872ರಲ್ಲಿ ಸುಣ್ಣದ ಪದರ ಬಿಡಿಸಿದಾಗ ಚಿತ್ರ ಸಿಕ್ತು. ಆಗ ಸಿಕ್ಕ ಖುಷೀಲಿ, ಬಣ್ಣ ಗಟ್ಟಿಯಾಗಿ ನಿಲ್ಲಲಿ ಅಂತ ಮೇಲೆ ಅರಗಿನ ವಾರ್ನಿಷ್ ಹೊಡೆದ್ರು. ಅದು ವರ್ಷ ಕಳೆದ ಹಾಗೆ ಕಂದುಬಣ್ಣಕ್ಕೆ ತಿರುಗಿ ಚಿತ್ರ ಮಸುಕಾಯ್ತು, ಗೋಡೆಯ ತೇವಕ್ಕೂ ಹೊರಗೆ ಬರೋ ದಾರಿ ಕಟ್ಟಿತು. 1950ರ ದಶಕದಲ್ಲಿ ಬೇರೆಯವ್ರು ಕೂತು ಆ ವಾರ್ನಿಷನ್ನ ಬಹಳ ಕಷ್ಟಪಟ್ಟು ತೆಗೀಬೇಕಾಯ್ತು. ಪಾಂಡವರ ಕಾಲದಿಂದಲೂ ಅರಗಿನ ಸಹವಾಸ ಒಳ್ಳೇದಲ್ಲ ನೋಡಿ.

ಗಾರೆಮನೆ_ಮಡಿಕೇರಿ

ಮೇಷ್ಟ್ರು ಕರಣೆ ಹಿಡಿದವ್ರು ಅಂದ್ರಲ್ಲ, ಬಂದೆ. ನಮ್ಮಪ್ಪ ಗಾರೆ ಮೇಸ್ತ್ರಿ, ನಾನು ಡಿಪ್ಲೊಮಾ ಮಾಡಿ ಹಳೇ ಕಟ್ಟಡ ರಿಪೇರಿ ಕೆಲಸಾನೇ ಮಾಡ್ತೀನಿ, ಮೈಸೂರು ಮಡಿಕೇರಿ ಎರಡೂ ಕಡೆ.

ಕಾಫಿಕಳ ಅವ್ರೇ, ನಿಮ್ಮ ರೋಗ ಏನು ಅಂತ ನೀವೇ ಬರೆದಿದ್ದೀರಿ, ನಿಮಗೇ ಗೊತ್ತಾಗಿಲ್ಲ. ಬುಡಕ್ಕೆ ಮೂರಡಿ ಸಿಮೆಂಟ್, ಅಂಗಳಕ್ಕೆ ಕಾಂಕ್ರೀಟ್. ಕಲ್ಲು ಮಣ್ಣಿನ ಗೋಡೆ ನೆಲದಿಂದ ತೇವ ಎಳ್ಕೊಳೋದು ಸಹಜ, ಎಷ್ಟೋ ವರ್ಷದಿಂದ ಎಳ್ಕೊಳ್ತಾನೇ ಇತ್ತು, ಆದ್ರೆ ಗಾರೆ ಮೂಲಕ ಬುಡದಲ್ಲೇ ಆವಿಯಾಗಿ ಹೋಗ್ತಿತ್ತು, ಯಾರ ಕಣ್ಣಿಗೂ ಬೀಳ್ತಿರ್ಲಿಲ್ಲ. ನೀವು ಬುಡಕ್ಕೆ ಸಿಮೆಂಟ್ ಮುಚ್ಚಿದ್ರಿ, ನೀರಿಗೆ ಅಲ್ಲಿ ದಾರಿ ಇಲ್ಲ, ಏನು ಮಾಡುತ್ತೆ? ಮೇಲಕ್ಕೆ ಹತ್ತುತ್ತೆ, ಎಲ್ಲಿ ಗಾರೆ ಬಾಯಿ ತೆರೆದಿದ್ಯೋ ಅಲ್ಲಿಂದ ಬರುತ್ತೆ. ಅದೇ ನಿಮ್ಮ ಆಳೆತ್ತರ. ನೀರಿನ ಜೊತೆ ಕರಗಿ ಬಂದ ಲವಣ ನೀರು ಆರಿದ್ಮೇಲೆ ಗಾರೆ ಒಳಗೇ ಹರಳುಗಟ್ಟಿ ಗಾರೆಯನ್ನ ಒಡೆಯುತ್ತೆ, ಅದೇ ನಿಮ್ಮ ಬಿಳಿ ಪುಡಿ. ಈಗ ಪೂರ್ತಿ ಗೋಡೆಗೆ ಸಿಮೆಂಟ್ ಹಾಕಿದ್ರೆ ಎರಡು ವರ್ಷ ಚೆನ್ನಾಗಿ ಕಾಣುತ್ತೆ, ಅಷ್ಟರಲ್ಲಿ ಒಳಗಿನ ಮಣ್ಣು ನೆನೆದು ನೆನೆದು ಮೆತ್ತಗಾಗಿರುತ್ತೆ. ಹೊರಗೆ ಗಟ್ಟಿ ಚಿಪ್ಪು, ಒಳಗೆ ಅಂಬಲಿ.

ಸುಣ್ಣ ಹೇಗೆ ಕೆಲಸ ಮಾಡುತ್ತೆ ಅಂತ ಹೇಳ್ಬಿಡ್ತೀನಿ ಯಾಕಂದ್ರೆ ಅಕ್ಕ ನೋಡಿದ ಆ ಚಿತ್ರದ ಗುಟ್ಟೂ ಅದ್ರಲ್ಲೇ ಇದೆ. ಸುಣ್ಣದ ಕಲ್ಲನ್ನ 900 ಡಿಗ್ರಿ ಆಸುಪಾಸಲ್ಲಿ ಸುಟ್ರೆ ಇಂಗಾಲದ ಡೈ ಆಕ್ಸೈಡ್ ಹೋಗಿ ಸುಟ್ಟ ಸುಣ್ಣ ಆಗುತ್ತೆ, ಅದಕ್ಕೆ ನೀರು ಹಾಕಿದ್ರೆ ಕೊತಕೊತ ಕುದ್ದು ಅರಳುತ್ತೆ, ಕಣ್ಣಿಗೆ ಹಾರಿದ್ರೆ ಕಣ್ಣೇ ಹೋಗುತ್ತೆ ಹುಷಾರು. ಅರಳಿದ ಸುಣ್ಣಕ್ಕೆ ಮರಳು ಸೇರ್ಸಿ ಅರೆದ್ರೆ ಗಾರೆ. ಗೋಡೆಗೆ ಹಾಕಿದ್ಮೇಲೆ ಅದು ಗಾಳೀಲಿರೋ ಅದೇ ಡೈ ಆಕ್ಸೈಡನ್ನ ನಿಧಾನಕ್ಕೆ ವಾಪಸ್ ತಗೊಂಡು ಮತ್ತೆ ಸುಣ್ಣದ ಕಲ್ಲೇ ಆಗುತ್ತೆ. ಕಲ್ಲಿಂದ ಶುರು, ಕಲ್ಲಲ್ಲೇ ಮುಗಿಯೋದು. ಈ ಗಾರೆ ಇನ್ನೂ ಹಸಿ ಇರೋವಾಗ ಬಣ್ಣವನ್ನ ಬರೀ ನೀರಲ್ಲಿ ಕಲಸಿ ಬರೆದ್ರೆ ಕಲ್ಲಾಗೋ ಹೊತ್ತಿಗೆ ಬಣ್ಣ ಅದ್ರೊಳಗೇ ಸಿಕ್ಕಾಕೊಳುತ್ತೆ, ಅದೇ ಫ್ರೆಸ್ಕೊ. ಅಂಟು ಹಾಕಿ ಒಣ ಗೋಡೆ ಮೇಲೆ ಬರೆದಿದ್ದು ಬೇಗ ಉದುರುತ್ತೆ. ಕೆಂಪ್ಲೀಲೂ ಹಾಗೇ, ಪೀಠದ ಭಾಗದ ಚಿತ್ರ ಹಸಿ ಗಾರೆ ಮೇಲಿಂದು, ಜನ ಕೂರೋ ಕಡೆಯವು ಒಣ ಗೋಡೆ ಮೇಲೆ ಬರೆದವು, ಅವು ಹೆಚ್ಚು ಮಾಸಿವೆ. ಅಕ್ಕನ ಫೋಟೋದಲ್ಲೂ ವ್ಯತ್ಯಾಸ ಕಾಣ್ಬೇಕು, ನೋಡಿ.

ನೂರಿಂಚು

ಎಲ್ಲ ಕೇಳೋಕೆ ಚಂದ ಇದೆ, ಒಂದು ಮಾತು ಕೇಳ್ತೀನಿ ಬೇಜಾರಾಗ್ಬೇಡಿ. ನಾನು ದಿನಾ ಬೆಳಿಗ್ಗೆ ಮಳೆ ಅಳೆದು ಬರೆದಿಡೋನು, ಅಪ್ಪ ಬರೆದ ಪುಸ್ತಕವೂ ಇದೆ. ಆ ಇಂಗ್ಲೆಂಡ್ ಊರಲ್ಲಿ ವರ್ಷಕ್ಕೆ ಎಷ್ಟು ಮಳೆ ಬರುತ್ತೆ? 30 ಇಂಚು ಆಸುಪಾಸು. ಮಡಿಕೇರಿಯಲ್ಲಿ ಅಷ್ಟು ಮಳೆ ಜುಲೈ ಒಂದೇ ತಿಂಗಳಲ್ಲಿ ಬೀಳುತ್ತೆ, ವರ್ಷಕ್ಕೆ 100 ಇಂಚಿನ ಮೇಲೆ. ಅಲ್ಲಿಂದು ಜಿಟಿಜಿಟಿ, ಇಲ್ಲಿಂದು ಗಾಳಿ ಜೊತೆ ಅಡ್ಡಡ್ಡ ಹೊಡೆಯೋ ಮಳೆ. ಅಲ್ಲಿ ನಡೆದಿದ್ದು ಇಲ್ಲೂ ನಡೆಯುತ್ತೆ ಅಂತ ಹೇಗೆ ಹೇಳ್ತೀರಾ?

ಇನ್ನೊಂದು, 2018ರ ಆಗಸ್ಟ್ ನೋಡಿದವ್ರು ನಾವು. ಗುಡ್ಡ ಜಾರಿ ಮನೆಗಳು ಹೋದ್ಮೇಲೆ ಜನಕ್ಕೆ ಮಣ್ಣಿನ ಗೋಡೆ ಅಂದ್ರೇನೇ ಭಯ. ಕಾಂಕ್ರೀಟ್ ಇದ್ರೆ ನಿದ್ದೆ ಬರುತ್ತೆ. ಅದನ್ನ ತಿಳಿಗೇಡಿತನ ಅಂತ ಅನ್ಬೇಡಿ. ಆಮೇಲೆ ದುಡ್ಡು ಯಾರು ಕೊಡ್ತಾರೆ, ಅಲ್ಲಿ ನೋಡ್ಕೊಳೋಕೆ ಸಂಸ್ಥೆ ಇದೆ, ಇಲ್ಲಿ ಕಾಫಿ ರೇಟ್ ನೋಡ್ಕೊಂಡು ಜನ ಚಂದಾ ಕೊಡ್ಬೇಕು.

ಗಾರೆಮನೆ_ಮಡಿಕೇರಿ

ನೂರಿಂಚು ಅಣ್ಣ, ಮಳೆ ಮಾತು ಸರಿಯಾದ ಮಾತು, ನನಗೂ ಇಷ್ಟ ಆಯ್ತು. ಆದ್ರೆ ಇಂಗ್ಲೆಂಡ್ ಬಿಡಿ, ಇಲ್ಲೇ ನೋಡಿ. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ನಮ್ಮ ಓಂಕಾರೇಶ್ವರ ದೇವಸ್ಥಾನ ಲಿಂಗರಾಜೇಂದ್ರ ಕಟ್ಟಿಸಿದ್ದು 1820. ತಡಿಯಂಡಮೋಳ್ ಬೆಟ್ಟದ ಬುಡದ ನಾಲ್ಕುನಾಡು ಅರಮನೆ ದೊಡ್ಡವೀರರಾಜೇಂದ್ರನ ಕಾಲದ್ದು, 1790ರ ದಶಕ, ಕಕ್ಕಬ್ಬೆ ಕಡೆ ಮಳೆ ಎಷ್ಟು ಅಂತ ನಿಮ್ಮ ಪುಸ್ತಕದಲ್ಲೇ ಇರ್ಬೇಕು. ಇವೆಲ್ಲ ಕಟ್ಟಿದಾಗ ಸಿಮೆಂಟ್ ಅನ್ನೋ ಪದಾರ್ಥವೇ ಊರಲ್ಲಿ ಇರ್ಲಿಲ್ಲ. ಓಂಕಾರೇಶ್ವರದ ಆ ಗುಮ್ಮಟ ಇನ್ನೂರು ಮಳೆಗಾಲ ತಿಂದಿದೆ.

ಆದ್ರೆ ನೀವು ಹೇಳಿದ್ರಲ್ಲಿ ನಿಜ ಇರೋದು ಎಲ್ಲಿ ಅಂದ್ರೆ, ಸುಣ್ಣವೊಂದೇ ಕಾಪಾಡಲ್ಲ. ನಮ್ಮ ಕಡೆ ಮನೆಗಳಿಗೆ ಸೂರು ಯಾಕೆ ಅಷ್ಟು ಉದ್ದ ಚಾಚ್ತಿದ್ರು? ಅಡ್ಡ ಮಳೆ ಗೋಡೆಗೆ ಹೊಡೀಬಾರ್ದು ಅಂತ. ಐನ್‌ಮನೆ, ಅಂದ್ರೆ ಕೊಡವರ ಹಳೇ ಕುಟುಂಬದ ಮನೆ ನೋಡಿ, ಜಗಲಿ ದಾಟಿ ಗೋಡೆಗೆ ಮಳೆ ತಾಗೋದೇ ಕಷ್ಟ. ಮೇಲೆ ಟೋಪಿ, ಕಾಲಿಗೆ ಬೂಟ್ಸ್ ಸರಿ ಇದ್ರೆ ಮಣ್ಣಿನ ಗೋಡೆ ಕಲ್ಲಿನಷ್ಟೇ ಬಾಳುತ್ತೆ ಅಂತ ನಮ್ಮಪ್ಪ ಹೇಳ್ತಿದ್ರು. ಕಾಫಿಕಳ ಅವ್ರೇ, ಉತ್ತರದ ಕಡೆ ಹಂಚಿನ ಸೂರು ಎಷ್ಟು ಹೊರಗೆ ಬಂದಿದೆ, ಸೂರಿನ ನೀರು ಹಿಡಿಯೋ ದಂಬೆ ಇದ್ಯಾ, ಇದ್ರೆ ಸೋರ್ತಿದ್ಯಾ ನೋಡಿ. ಗೋಡೆ ಹಿಂದೆ ಗುಡ್ಡದ ಕಡೆ ಮಣ್ಣು ಏರಿ ಕೂತಿದ್ಯಾ ಅಂತಲೂ ನೋಡಿ. ಎಷ್ಟೋ ಕಡೆ ಒಳಗಿನ ನೆಲಕ್ಕಿಂತ ಹೊರಗಿನ ಮಣ್ಣು ಒಂದಡಿ ಮೇಲಿರುತ್ತೆ, ಯಾರೂ ಗಮನಿಸಿರಲ್ಲ.

2018ರ ಬಗ್ಗೆ ಹೇಳೋದಾದ್ರೆ ಅವತ್ತು ಕಾಂಕ್ರೀಟ್ ಮನೆಗಳೂ ಹೋಗಿವೆ ಅಣ್ಣ, ಗುಡ್ಡವೇ ಜಾರಿದಾಗ ಗೋಡೆ ಯಾವುದಾದ್ರೇನು. ಆ ಭಯ ನನಗೂ ಇದೆ. ನನ್ನ ತಂಗಿ ಮನೆ ಮಾದಾಪುರ ಕಡೆ.

ಪುಚ್ಚೆ_ಇನ್_ಬಾರ್ಸಿಲೋನಾ

ಅಮ್ಮತ್ತಿಯವಳು, ಈಗ ಕೆಲಸ ಬಾರ್ಸಿಲೋನಾದಲ್ಲಿ. ರೋಮನೆಸ್ಕ್ ಅಂತ ನೋಡಿ ಒಳಗೆ ಬಂದೆ, ಇಲ್ಲಿ ಇದೇ ಹುಚ್ಚು ಜನಕ್ಕೆ.

ಮೇಷ್ಟ್ರು ಬೇಲೂರಿನ 1117 ಹೇಳಿದ್ರಲ್ಲ, ಇಲ್ಲಿ ಪಿರನೀಸ್ ಬೆಟ್ಟದಲ್ಲಿ ತಾವುಲ್ ಅಂತ ಊರಿದೆ, ಸುಮಾರು 1500 ಮೀಟರ್ ಎತ್ತರದಲ್ಲಿ. ಅಲ್ಲಿನ ಸಂತ್ ಕ್ಲಿಮೆಂಟ್ ಚರ್ಚ್ ಪ್ರತಿಷ್ಠೆ ಆಗಿದ್ದು 1123ರ ಡಿಸೆಂಬರ್ 10ಕ್ಕೆ, ದಿನಾಂಕ ಹೇಗೆ ಗೊತ್ತು ಅಂದ್ರೆ ಒಳಗಿನ ಕಂಬದ ಮೇಲೆ ಬಣ್ಣದಲ್ಲಿ ಬರೆದಿಟ್ಟಿದ್ರು. ಮಾರನೇ ದಿನವೇ ಅದೇ ಊರಲ್ಲಿ ಇನ್ನೊಂದು, ಸಾಂತಾ ಮರಿಯಾ. ಬಿಷಪ್ಪು ಅಷ್ಟು ದೂರ ಡಿಸೆಂಬರ್ ಚಳೀಲಿ ಬೆಟ್ಟ ಹತ್ತಿ ಬಂದಿದ್ದಾರೆ, ಎರಡೂ ಮುಗಿಸ್ಕೊಂಡು ಹೋಗ್ಲಿ ಅಂತ ಇರ್ಬೇಕು, ನಮ್ಮ ಕಡೆ ಒಂದೇ ಸಲ ಎರಡು ಮನೆ ಗೃಹಪ್ರವೇಶಕ್ಕೆ ಭಟ್ರನ್ನ ಕರೆಸೋ ಹಾಗೆ.

ಅಲ್ಲಿನ ಪೀಠದ ಹಿಂದಿನ ದುಂಡು ಗೋಡೆಯ ಕ್ರಿಸ್ತನ ಚಿತ್ರ ಇಲ್ಲಿ ಎಲ್ರಿಗೂ ಗೊತ್ತು, ಶಾಲೆ ಮಕ್ಕಳೂ ಬಿಡಿಸ್ತಾರೆ. ಆದ್ರೆ ಅದು ಈಗ ಊರಲ್ಲಿಲ್ಲ! ಕಥೆ ಏನಂದ್ರೆ ಹೋದ ಶತಮಾನದ ಶುರುವಲ್ಲಿ ಈ ಬೆಟ್ಟದ ಚರ್ಚುಗಳನ್ನ ವ್ಯಾಪಾರಿಗಳು ಮೂಸಿದ್ರು. ಸಾಂತಾ ಮರಿಯಾ ದ ಮುರ್ ಅನ್ನೋ ಇನ್ನೊಂದು ಕಡೆಯ ಗೋಡೆಚಿತ್ರವನ್ನ ಮಾರಿ ಅದು ಬೋಸ್ಟನ್ ಮ್ಯೂಸಿಯಂ ಸೇರ್ತು, ಇವತ್ತಿಗೂ ಅಲ್ಲೇ ಇದೆ. ಗಾಬರಿಯಾದ ಇಲ್ಲಿನವ್ರು ಉಳಿದದ್ದನ್ನ ತಾವೇ ಕೊಂಡು 1919ರಿಂದ 1923ರವರೆಗೆ ಒಂದೊಂದಾಗಿ ಗೋಡೆಯಿಂದ ಕಿತ್ತು ಬಾರ್ಸಿಲೋನಾಗೆ ತಂದ್ರು. ಕಿತ್ತಿದ್ದು ಹೇಗೆ ಅಂದ್ರೆ, ಚಿತ್ರದ ಮೇಲೆ ಪ್ರಾಣಿಗಳಿಂದ ಮಾಡಿದ ಅಂಟು ಹಚ್ಚಿ ಬಟ್ಟೆ ಅಂಟಿಸ್ತಾರೆ, ಅಂಟು ಒಣಗಿ ಬಿಗಿದ್ಮೇಲೆ ಬಟ್ಟೆ ಎಳೆದ್ರೆ ಬಣ್ಣದ ತೆಳು ಪದರ ಬಟ್ಟೆ ಜೊತೆ ಬಂದ್ಬಿಡುತ್ತೆ, ಅದನ್ನ ಸುತ್ತಿ ಹೇಸರಗತ್ತೆ ಮೇಲೆ ಹೇರ್ಕೊಂಡು ಬೆಟ್ಟ ಇಳಿಸಿದ್ರು. ಕೆಲಸ ಮಾಡಿದವ್ರು ಇಟಲಿಯಿಂದ ಕರೆಸಿದ ತಂಡ. ಕೇಳಿದ್ರೆ ಮೈ ಜುಮ್ ಅನ್ನುತ್ತೆ, ಎಲ್ಲಾದ್ರೂ ಅರ್ಧಕ್ಕೆ ಹರಿದಿದ್ರೆ?

ಊರಿನ ಗೋಡೆ ಬೋಳಾಯ್ತು. ಆಮೇಲೆ ಅಲ್ಲಿ ಒಂದು ನಕಲು ಬರೆಸಿಟ್ರು, 2013ರಲ್ಲಿ ಅದನ್ನೂ ತೆಗೆದು ಈಗ ಪ್ರೊಜೆಕ್ಟರ್ ಬೆಳಕಲ್ಲಿ ಹಳೇ ಚಿತ್ರವನ್ನ ಗೋಡೆ ಮೇಲೆ ಬಿಡ್ತಾರೆ. ನಾನು ಹೋದಾಗ ಕತ್ತಲಲ್ಲಿ ಮೊದಲು ಗೆರೆ, ಆಮೇಲೆ ನೀಲಿ, ಆಮೇಲೆ ಕೆಂಪು ಹೀಗೆ ಒಂದೊಂದಾಗಿ ಬಂತು, ಲೈಟ್ ಹಾಕಿದ ತಕ್ಷಣ ಮತ್ತೆ ಬೋಳು ಗೋಡೆ. ನಿಜ ಹೇಳ್ಬೇಕಂದ್ರೆ ನನಗೆ ಅಳು ಬಂತು, ಯಾಕೆ ಅಂತ ಗೊತ್ತಿಲ್ಲ. ಪಕ್ಕದಲ್ಲಿದ್ದ ಮುದುಕಪ್ಪ ಒಬ್ರು ಗೊಣಗ್ತಿದ್ರು, ನಮ್ಮ ದೇವ್ರು ಪೇಟೇಲಿದ್ದಾನೆ ಇಲ್ಲಿ ಸಿನಿಮಾ ತೋರಿಸ್ತಾರೆ ಅಂತ. ಮ್ಯೂಸಿಯಮ್ಮಿಗೆ ತರದಿದ್ರೆ ಅಮೆರಿಕಕ್ಕೆ ಹೋಗ್ತಿತ್ತು, ಅದೂ ನಿಜ. ಆ ಕಣಿವೆಯ ಒಂಬತ್ತು ಚರ್ಚಿಗೆ 2000ದಲ್ಲಿ ಯುನೆಸ್ಕೊ ಪಟ್ಟ ಸಿಕ್ತು.

ಶನಿವಾರಸಂತೆ_ಮೇಷ್ಟ್ರು

ಅಮ್ಮತ್ತಿ ತಂಗಿ ಬರೆದಿದ್ದು ಓದಿ ಸುಮ್ನೆ ಕೂತಿದ್ದೆ ಸ್ವಲ್ಪ ಹೊತ್ತು.

ಇನ್ನೊಂದು ಹೇಳ್ಬೇಕು. ನೂರಿಂಚು ಅವ್ರು ಅಲ್ಲಿಯವ್ರಿಗೆ ಎಲ್ಲ ಗೊತ್ತಿತ್ತು, ನಮಗೆ ಗೊತ್ತಿಲ್ಲ ಅಂದ್ಕೊಬಾರ್ದು, ಅವ್ರೂ ನಮ್ಮ ಹಾಗೇ ಕೆರೆದವ್ರೇ. 19ನೇ ಶತಮಾನದಲ್ಲಿ ಇಂಗ್ಲೆಂಡಲ್ಲಿ ಸಾವಿರಾರು ಹಳ್ಳಿ ಚರ್ಚುಗಳನ್ನ ಜೀರ್ಣೋದ್ಧಾರ ಮಾಡಿದ್ರು. ಕಲ್ಲು ಕಾಣ್ಬೇಕು, ಅದೇ ನಿಜವಾದ ಮಧ್ಯಯುಗ ಅಂತ ಒಳಗಿನ ಹಳೇ ಗಾರೆಯನ್ನೆಲ್ಲ ಕೆರೆದು ಹಾಕಿದ್ರು. ಮಧ್ಯಯುಗದಲ್ಲಿ ಆ ಕಲ್ಲು ಯಾರಿಗೂ ಕಾಣ್ತಿರ್ಲಿಲ್ಲ, ಗಾರೆ ಮಾಡಿ ಸುಣ್ಣ ಬಳಿದು ಬಣ್ಣ ಬರೆಸ್ತಿದ್ರು! ಕೆರೆದ ಗಾರೆ ಜೊತೆ ಎಷ್ಟು ಚಿತ್ರ ಹೋಯ್ತೋ ಲೆಕ್ಕ ಇಟ್ಟವ್ರಿಲ್ಲ. 1877ರಲ್ಲಿ ಟ್ಯೂಕ್ಸ್‌ಬರಿಯ ದೊಡ್ಡ ನಾರ್ಮನ್ ಚರ್ಚನ್ನ ಹೀಗೇ ರಿಪೇರಿ ಮಾಡೋಕೆ ಹೊರಟಾಗ ವಿಲಿಯಂ ಮಾರಿಸ್ ಅನ್ನೋರು ಪತ್ರಿಕೆಗೆ ಪತ್ರ ಬರೆದು ಜಗಳ ತೆಗೆದ್ರು, ಅದೇ ವರ್ಷ ಹಳೇ ಕಟ್ಟಡ ರಕ್ಷಣೆಗೆ ಒಂದು ಸಂಘ ಕಟ್ಟಿದ್ರು, ಅದಕ್ಕೆ ಕೆರೆಯೋರ ವಿರೋಧಿ ಸಂಘ ಅಂತ ಅಡ್ಡಹೆಸರೇ ಬಿತ್ತು. ಆ ಟ್ಯೂಕ್ಸ್‌ಬರಿ ಗ್ಲಾಸ್ಟರಿಗೆ ಹತ್ರಾನೇ, ಅಕ್ಕನಿಗೆ ಮುಂದಿನ ರಜೆಗೆ ಹೇಳಿ.

ನಮ್ಮ ಜೀರ್ಣೋದ್ಧಾರ ಅನ್ನೋ ಮಾತೇ ನೋಡಿ. ಜೀರ್ಣ ಆಗಿದ್ದನ್ನ ಮೇಲೆತ್ತೋದು ಅಂತ ಅರ್ಥ. ನಾವು ಮಾಡ್ತಿರೋದು ಜೀರ್ಣವನ್ನ ಜೆಸಿಬಿಗೆ ಹಾಕಿ ಮೇಲೆ ಗ್ರಾನೈಟ್ ಹಾಕಿ ದಾನಿಗಳ ಹೆಸರಿನ ಕಲ್ಲು ನಿಲ್ಲಿಸೋದು. ದೇವಸ್ಥಾನ ಇಗರ್ಜಿ ಮಸೀದಿ ಇದ್ರಲ್ಲಿ ಮಾತ್ರ ಎಲ್ರೂ ಒಂದೇ.

ಕಾಫಿಕಳ

ಎಲ್ರಿಗೂ ಥ್ಯಾಂಕ್ಸ್, ಎರಡು ದಿನ ಕಾಫಿ ಕುಯ್ಯೋ ಕೊನೇ ಸುತ್ತು ಇತ್ತು, ಆಳುಗಳಿಗೆ ಲೆಕ್ಕ ಕೊಟ್ಟು ಇವತ್ತು ಹೋಗಿ ನೋಡಿದೆ.

ಸೂರು ಉತ್ತರದ ಕಡೆ ಒಂದಡಿ ಮಾತ್ರ ಹೊರಗಿದೆ, ಹಳೇ ಫೋಟೋ ಒಂದ್ರಲ್ಲಿ ಎರಡೂವರೆ ಅಡಿ ಇತ್ತು, ಯಾವಾಗ್ಲೋ ಹಂಚು ಹೊರೋ ಮರದ ಪಕಾಸು ಕೊಳೆತಾಗ ಕತ್ತರಿಸಿದ್ದಾರೆ. ದಂಬೆ ಇದೆ ಆದ್ರೆ ಸಿಲ್ವರ್ ಓಕ್ ಎಲೆ ತುಂಬಿ ನೀರೆಲ್ಲ ಗೋಡೆ ಮೇಲೇ ಹರಿದ ಗುರುತಿದೆ. ಹಿಂದೆ ಗುಡ್ಡದ ಕಡೆ ಮಣ್ಣು ಒಳಗಿನ ನೆಲಕ್ಕಿಂತ ಮುಕ್ಕಾಲು ಅಡಿ ಮೇಲಿದೆ, ಗಾರೆಮನೆಯವ್ರು ಬಂದು ನೋಡ್ಕೊಂಡು ಹೋಗಿ ಬರೆದ ಹಾಗಿದೆ.

ಇನ್ನೊಂದು ವಿಷ್ಯ. ಗಾರೆ ಉಬ್ಬಿದ ಕಡೆ ಸುಮ್ನೆ ಉಗುರಲ್ಲಿ ಕೆರೆದು ನೋಡ್ದೆ. ಈಗಿನ ಕೆನೆ ಬಣ್ಣದ ಪೇಂಟ್ ಕೆಳಗೆ ಬಿಳಿ ಸುಣ್ಣ, ಒಂದಲ್ಲ ಎರಡಲ್ಲ ಈರುಳ್ಳಿ ಸಿಪ್ಪೆ ಹಾಗೆ ಪದರ ಪದರ, ಅದ್ರ ಕೆಳಗೆ ನೀಲಿ! ಸುಮಾರು ಒಂದು ಗೇಣು ಅಗಲದ ಪಟ್ಟಿ, ಮೇಲೆ ಕೆಂಪು ಗೆರೆ, ಗೋಡೆ ಉದ್ದಕ್ಕೂ ಹೋಗಿರೋ ಹಾಗಿದೆ. ಅಜ್ಜಿ ತಂಗಿ ಒಬ್ರು ಇನ್ನೂ ಇದ್ದಾರೆ, ಅವ್ರನ್ನ ಕೇಳಿದ್ರೆ ಹೌದು ಮಗ ನಾವು ಸಣ್ಣವ್ರಿದ್ದಾಗ ನೀಲಿ ಪಟ್ಟಿ ಇತ್ತು, ಹಬ್ಬಕ್ಕೆ ಮುಂಚೆ ಸುಣ್ಣಕ್ಕೆ ಬಟ್ಟೆ ನೀಲಿ ಹಾಕಿ ಹೆಂಗಸ್ರೇ ಬಳೀತಿದ್ರು ಅಂದ್ರು. ಯಾರು ಮುಚ್ಚಿದ್ದು ಅಂದ್ರೆ ಪೇಂಟ್ ಬಂದ್ಮೇಲೆ ಯಾರಿಗೆ ಬೇಕಿತ್ತು ಅಂತ ನಕ್ರು.

ಪೂರ್ತಿ ಬಿಡಿಸಿ ನೋಡ್ಲಾ?

ಗಾರೆಮನೆ_ಮಡಿಕೇರಿ

ಬೇಡ ಬೇಡ ಬೇಡ. ಕೈ ಕಟ್ಕೊಂಡು ಕೂತ್ಕೊಳಿ. ಉಗುರು, ಕತ್ತಿ, ಸ್ಯಾಂಡ್‌ಪೇಪರ್ ಏನೂ ಬೇಡ. ಆ ನೀಲಿ ಸುಣ್ಣದ ಜೊತೆ ಕೂತಿದೆ, ನೀರು ತಾಗಿಸಿ ಉಜ್ಜಿದ್ರೆ ಅದೂ ಬರುತ್ತೆ. ಅಂಗೈ ಅಗಲದ ಜಾಗ ಬಿಡಿಸಿ ಫೋಟೋ ತೆಗೆದು ಅಷ್ಟಕ್ಕೇ ನಿಲ್ಸಿ.

ಮೊದಲು ನೀರು. ದಂಬೆ ಸ್ವಚ್ಛ ಮಾಡ್ಸಿ ಇವತ್ತೇ, ಅದಕ್ಕೆ ಸಮಿತಿ ಒಪ್ಪಿಗೆ ಬೇಕಾಗಿಲ್ಲ ಏಣಿ ಸಾಕು. ಹಿಂದಿನ ಮಣ್ಣು ಒಳನೆಲಕ್ಕಿಂತ ಕೆಳಗೆ ಇಳಿಸಿ ಗೋಡೆಯಿಂದ ಸ್ವಲ್ಪ ದೂರದಲ್ಲಿ ಚರಂಡಿ ತೆಗೆದು ಜಲ್ಲಿ ತುಂಬ್ಸಿ, ಬುಡದ ಪಾಯ ಬಿಚ್ಚೋ ಹಾಗೆ ಆಳ ಅಗೀಬೇಡಿ. ಗೋಡೆ ಪಕ್ಕ ಎರಡಡಿ ಅಗಲಕ್ಕೆ ಆ ಕಾಂಕ್ರೀಟ್ ಒಡೆದು ತೆಗೀರಿ. ಬುಡದ ಸಿಮೆಂಟ್ ಪ್ಲಾಸ್ಟರನ್ನ ನಿಧಾನಕ್ಕೆ ಉಳಿ ಹಿಡಿದು ಕೈಯಲ್ಲೇ ಬಿಡಿಸ್ಬೇಕು, ಬ್ರೇಕರ್ ಮೆಷಿನ್ ಹಾಕಿದ್ರೆ ಒಳಗಿನ ಮಣ್ಣೇ ಅದುರುತ್ತೆ. ಸೂರು ಮತ್ತೆ ಎರಡೂವರೆ ಅಡಿಗೆ ಚಾಚೋದು ಮುಖ್ಯ ಖರ್ಚು.

ಇಷ್ಟು ಮಾಡಿ ಒಂದು ಮಳೆಗಾಲ ಗೋಡೆಯನ್ನ ಅದ್ರ ಪಾಡಿಗೆ ಬಿಡಿ, ದಪ್ಪ ಗೋಡೆ ಒಣಗೋಕೆ ಟೈಮ್ ಬೇಕು. ನವೆಂಬರ್ ಆದ್ಮೇಲೆ ಉದುರಿದ ಕಡೆ ಮಾತ್ರ ಸುಣ್ಣದ ಗಾರೆ ತೇಪೆ. ಗಾರೆ ಹಾಕಿದ್ಮೇಲೆ ಬೇಗ ಒಣಗಬಾರ್ದು, ಒದ್ದೆ ಗೋಣಿಚೀಲ ಇಳಿಬಿಡ್ಬೇಕು, ಕಾಫಿ ಊರಲ್ಲಿ ಗೋಣಿಗೆ ಬರವಾ. ಇಂಗ್ಲೆಂಡಲ್ಲಿ ಹಿಮ ಬೀಳೋ ಕಾಲ ಬಿಟ್ಟು ಮಾಡ್ತಾರೆ, ನಮಗೆ ಮಳೆಗಾಲ ಬಿಟ್ಟು. ಬೆಲ್ಲ, ಅಳಲೆಕಾಯಿ ನೀರು ಹಾಕೋ ಹಳೇ ಪದ್ಧತಿ ಇದೆ, ನಾನೂ ಹಾಕ್ತೀನಿ, ಆದ್ರೆ ಯೂಟ್ಯೂಬ್ ನೋಡಿ ಕೈಗೆ ಸಿಕ್ಕಷ್ಟು ಸುರೀಬೇಡಿ, ಇರುವೆ ಬರುತ್ತೆ. ಮೇಲೆ ಎಮಲ್ಷನ್ ಅಲ್ಲ, ಸುಣ್ಣವೇ.

ಶುಕ್ರವಾರ ಸುಂಟಿಕೊಪ್ಪಕ್ಕೆ ಕೆಲಸದ ಮೇಲೆ ಬರ್ತೀನಿ, ಹಾಗೇ ಬಂದು ಗೋಡೆ ನೋಡ್ಬಹುದು. ಊಟ ಹಾಕಿದ್ರೆ ಸಾಕು.

ನೂರಿಂಚು

ಸೂರು ಕತ್ತರಿಸಿದ್ದು ನೋಡಿ! ಅಲ್ಲೇ ಇದ್ದಿದ್ದು ಎಲ್ಲ. ಸರಿ ಒಪ್ಕೊಂಡೆ, ಪೂರ್ತಿ ಅಲ್ಲ, ಮುಕ್ಕಾಲು. ಸುಣ್ಣ ಎಷ್ಟು ವರ್ಷಕ್ಕೊಮ್ಮೆ ಬಳೀಬೇಕು ಅಂತ ಯಾರೂ ಹೇಳ್ಲಿಲ್ಲ ಯಾಕೆ? ನಮ್ಮ ಮಳೆಗೆ ವರ್ಷವರ್ಷ ಬಳೀಬೇಕಾಗುತ್ತೆ, ಆ ಕೆಲಸಕ್ಕೆ ಈಗ ಜನ ಎಲ್ಲಿದ್ದಾರೆ.

ಗಾರೆಮನೆ_ಮಡಿಕೇರಿ

ಸೂರಿನ ಕೆಳಗಿರೋ ಗೋಡೆಗೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಸಾಕು, ಮಳೆ ಹೊಡೆಯೋ ಮುಖಕ್ಕೆ ನೀವು ಹೇಳಿದ ಹಾಗೆ ಬೇಗ ಬೇಗ ಬೇಕು. ಜನ ಎಲ್ಲಿದ್ದಾರೆ ಅನ್ನೋದಕ್ಕೆ ನನ್ನ ಹತ್ರ ಉತ್ತರ ಇಲ್ಲ ಅಣ್ಣ. ನಮ್ಮಪ್ಪನ ಜೊತೆ ಗಾರೆ ಅರೀತಿದ್ದ ಎಂಟು ಜನರಲ್ಲಿ ಈಗ ಕೆಲಸ ಮಾಡೋರು ಇಬ್ರು.

ಕಾಫಿಕಳ

ನಿನ್ನೆ ಭಾನುವಾರ ಮೀಟಿಂಗ್ ಆಯ್ತು. ಫಾದರ್ ಮೊದಲು ಬೇಸರ ಮಾಡ್ಕೊಂಡ್ರು, ಹಬ್ಬದೊಳಗೆ ಹೊಸದಾಗಿ ಕಾಣ್ಬೇಕಿತ್ತು ಅಂತ. ಆಮೇಲೆ ಅಜ್ಜಿ ತಂಗಿಯನ್ನ ಕುರ್ಚಿ ಸಮೇತ ಕರ್ಕೊಂಡು ಹೋಗಿ ಆ ನೀಲಿ ಪಟ್ಟಿ ತೋರ್ಸಿದೆ, ಅವ್ರು ಅದನ್ನ ಮುಟ್ಟಿ ನೋಡಿ ಇದು ನಮ್ಮವ್ವನ ಕೈ ಕೆಲಸ ಅಂದ್ಬಿಟ್ರು, ನಿಜವೋ ಸುಳ್ಳೋ ದೇವ್ರಿಗೇ ಗೊತ್ತು, ಆದ್ರೆ ಅದಾದ್ಮೇಲೆ ಯಾರೂ ಕೆತ್ತಿ ಹಾಕೋ ಮಾತಾಡ್ಲಿಲ್ಲ. ಸೂರು, ದಂಬೆ, ಹಿಂದಿನ ಮಣ್ಣು, ಬುಡದ ಸಿಮೆಂಟ್ ತೆಗೆಯೋದು ಈ ಬೇಸಿಗೇಲಿ, ಗಾರೆ ನವೆಂಬರಲ್ಲಿ ಅಂತ ತೀರ್ಮಾನ. ಟೈಲ್ಸ್ ಬಗ್ಗೆ ಇನ್ನೂ ಜಗಳ ನಡೀತಿದೆ. ಪಿಒಪಿ ಸೀಲಿಂಗ್ ಬೇಡ ಅಂತ ನಾನು ಹೇಳ್ದೆ, ಒಬ್ರು ಹೊರಗೆ ಬಂದು ಎರಡು ವಾರ ಮಾತಾಡ್ಸಲ್ಲ ಅಂತ ಹೇಳೇ ಹೋದ್ರು, ಅವ್ರ ಮಗ ಸೀಲಿಂಗ್ ಕೆಲಸ ಮಾಡೋನು.

ಅಕ್ಕನಿಗೆ ಫೋಟೋ ಕಳ್ಸಿದೆ. ಕೆಂಪ್ಲಿ ಹುಡುಗ ಅಂತ ಹೆಸರಿಟ್ಟಿದ್ದಾಳೆ.

ಈಗ ಉಳಿದಿರೋದು 40 ಮೂಟೆ ಸಿಮೆಂಟ್. ಅಂಗಡಿಯವ್ರು ವಾಪಸ್ ತಗೊಳಲ್ಲ ಅಂತಾರೆ, ಮಳೆಗಾಲ ಬಂದ್ರೆ ಗಟ್ಟಿಯಾಗುತ್ತೆ. ಸೋಮವಾರಪೇಟೆ ಸುಂಟಿಕೊಪ್ಪ ಕಡೆ ಯಾರಾದ್ರೂ ಕಾಫಿ ಕಳ ರಿಪೇರಿ ಮಾಡ್ಸೋರಿದ್ರೆ ಮೆಸೇಜ್ ಹಾಕಿ, ಬಿಲ್ಲಿನ ರೇಟಿಗೇ ಕೊಡ್ತೀವಿ, ಲೋಡ್ ಮಾಡೋಕೆ ನಾವೇ ನಾಲ್ಕು ಜನ ಬರ್ತೀವಿ.

ನೂರಿಂಚು

12 ಮೂಟೆ ನನಗಿರ್ಲಿ. ಬುಧವಾರ ಪಿಕಪ್ ಕಳಿಸ್ತೀನಿ.